ಅಕ್ಕನ ಪಾಲಿನ ಉಪ್ಪು

ಬಸವನಗುಡಿಯ ನಮ್ಮ ಬೀದಿಯಲ್ಲಿ, ಹೆಣ್ಣುಮಕ್ಕಳ ಶಾಲೆಯ ಕಾಂಪೌಂಡಿಗೆ ಒರಗಿಸಿ ಅಂಜಮ್ಮ ತಳ್ಳುಗಾಡಿ ನಿಲ್ಲಿಸುತ್ತಿದ್ದಳು. ಸೌತೆಕಾಯಿ, ಸೀಬೆಕಾಯಿ, ಬೆಟ್ಟದ ನೆಲ್ಲಿಕಾಯಿ, ಕಾಲ ಬಂದಾಗ ತೋತಾಪುರಿ ಮಾವಿನಕಾಯಿ. ಸೀಳಿ, ಉಪ್ಪು ಖಾರ ಸವರಿ, ಕಾಗದದ ಚೂರಿನ ಮೇಲಿಟ್ಟು ಕೊಡುವುದು ಅವಳ ವ್ಯಾಪಾರ. ಹದಿನೈದು ವರ್ಷದಿಂದ ನಾನು ಅವಳ ಗಿರಾಕಿ. ಅಷ್ಟೇ ವರ್ಷದಿಂದ ಅವಳನ್ನು ಗದರುವ ಹಕ್ಕನ್ನೂ ನಾನಾಗಿಯೇ ತೆಗೆದುಕೊಂಡಿದ್ದೆ. ಸೌತೆಕಾಯಿ ಕಹಿ ಬಂತು ಎಂದು, ಚಾಕು ತೊಳೆದಿಲ್ಲ ಎಂದು, ಏನೂ ಸಿಗದಿದ್ದರೆ ಬಿಸಿಲಲ್ಲಿ ನಿಂತಿದ್ದಾಳೆ ಎಂದು. ಅವಳು ನಗುತ್ತಾ, ನೀವು ಬೈದರೆ ಬೋಣಿ ಆದ ಹಾಗೆ ಎನ್ನುತ್ತಿದ್ದಳು.

ಗಾಡಿಯ ಮೇಲೆ ಎರಡು ಸ್ಟೀಲ್ ಡಬ್ಬ. ಒಂದರಲ್ಲಿ ಖಾರದ ಪುಡಿ, ಇನ್ನೊಂದರಲ್ಲಿ ಉಪ್ಪು. ಕೊರೋನಾ ಮುಗಿದು ಶಾಲೆ ಸರಿಯಾಗಿ ನಡೆಯತೊಡಗಿದ ವರ್ಷ ಒಂದು ವಿಚಿತ್ರ ನನ್ನ ಕಣ್ಣಿಗೆ ಬಿತ್ತು. ಖಾರದ ಡಬ್ಬ ಅರ್ಧವೂ ಇಳಿದಿರುತ್ತಿರಲಿಲ್ಲ, ಉಪ್ಪಿನ ಡಬ್ಬದ ತಳ ಕಾಣುತ್ತಿತ್ತು. ಗಿರಾಕಿಗಳಿಲ್ಲದಾಗ ಅವಳು ಆಚೆ ಈಚೆ ನೋಡಿ ಒಂದು ಚಿಟಿಕೆ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಚಿಟಿಕೆ ಅಂದೆನೆ? ಮೂರು ಬೆರಳು ಸೇರಿಸಿ ಎತ್ತುವಷ್ಟು. ನಾನು ಸುಮ್ಮನಿರುವ ಜಾಯಮಾನದವಳಲ್ಲ. ಮಕ್ಕಳಿಗೂ ಸ್ವಲ್ಪ ಉಳಿಸಮ್ಮ ಎಂದು ರೇಗಿಸಿದೆ. ಅವತ್ತು ಅವಳು ನಗಲಿಲ್ಲ. ಮುಚ್ಚಳ ಹಾಕಿ, ಬೆರಳನ್ನು ಸೆರಗಿಗೆ ಒರೆಸಿಕೊಂಡು, ಕಳ್ಳತನದಲ್ಲಿ ಸಿಕ್ಕಿಬಿದ್ದವಳ ಹಾಗೆ ತಲೆ ತಗ್ಗಿಸಿದಳು. ಅವಳ ಪ್ರಾಣ ಆ ಡಬ್ಬಕ್ಕೆ ಜೋತುಬಿದ್ದಿದೆ ಎಂದು ನನಗೆ ಹೊಳೆಯಲಿಲ್ಲ.

ಹೊಳೆಯಬೇಕಿತ್ತು. ಮೂವತ್ತೊಂದು ವರ್ಷ ನಾನು ಒಂದು ಲ್ಯಾಬಿನಲ್ಲಿ ಜನರ ರಕ್ತ ತೆಗೆದು ಪರೀಕ್ಷೆ ಮಾಡಿ ನಿವೃತ್ತಳಾದವಳು. ಲಕ್ಷಾಂತರ ಕೈಗಳನ್ನು ಹಿಡಿದಿದ್ದೇನೆ. ಅಂಜಮ್ಮನ ಕೈಯಿಂದ ದಿನ ಬಿಟ್ಟು ದಿನ ಸೀಬೆಕಾಯಿ ಇಸಕೊಂಡು ತಿಂದೆ, ಆ ಕೈಯನ್ನು ಮಾತ್ರ ನೋಡಲಿಲ್ಲ. ಅಂಗೈ ಗೆರೆಗಳು ಶಾಯಿ ಸುರಿದ ಹಾಗೆ ಕಪ್ಪಾಗಿದ್ದವು. ಮಾವಿನಕಾಯಿ ಸೊನೆ, ನೆಲ್ಲಿಕಾಯಿ ಕರೆ ಎಂದುಕೊಂಡೆ. ಅವಳೂ ಹಾಗೇ ಅಂದುಕೊಂಡು ದಿನಾ ಹುಣಿಸೆಹಣ್ಣು ಹಾಕಿ ಉಜ್ಜುತ್ತಿದ್ದಳಂತೆ. ಮುಖ ಕಪ್ಪಾಯಿತು, ಅದಕ್ಕೆ ಬಿಸಿಲು ಕಾರಣ. ಒಸಡು ಕಪ್ಪಾಯಿತು, ಅದಕ್ಕೆ ಎಲೆಅಡಿಕೆ. ಮೈ ಇಳಿಯಿತು, ಅದಕ್ಕೆ ನಲವತ್ತು ದಾಟಿದ ವಯಸ್ಸು. ಒಂದೊಂದಕ್ಕೂ ಒಂದೊಂದು ಸಬೂಬು ಅವಳ ಕಸುಬಿನಲ್ಲೇ ಸಿದ್ಧವಾಗಿ ಸಿಗುತ್ತಿತ್ತು. ಎಲ್ಲವನ್ನೂ ಸೇರಿಸಿ ನೋಡುವವರು ಮಾತ್ರ ಯಾರೂ ಇರಲಿಲ್ಲ.

ಡಾಕ್ಟರಿಗೆ ತೋರಿಸಲಿಲ್ಲ ಎಂದಲ್ಲ. ಅವಳ ಮನೆ ಚಾಮರಾಜಪೇಟೆಯಲ್ಲಿ. ಆ ಬೀದಿಯ ಕ್ಲಿನಿಕ್ಕಿನವರು ಗ್ಯಾಸ್ ಎಂದರು. ಹನುಮಂತನಗರದ ನರ್ಸಿಂಗ್ ಹೋಮಿನವರು ರಕ್ತ ಕಡಿಮೆ ಎಂದು ಕಬ್ಬಿಣದ ಮಾತ್ರೆ ಕೊಟ್ಟರು. ಇನ್ನೊಬ್ಬರು, ಕೋವಿಡ್ ಆದಮೇಲೆ ಎಲ್ಲರಿಗೂ ಸುಸ್ತು ಎಂದು ಸಮಾಧಾನ ಹೇಳಿದರು. ಮತ್ತೊಬ್ಬರು ಮುಟ್ಟು ನಿಲ್ಲುವ ಕಾಲ ಎಂದರು. ಕೊನೆಯವರು ಮನಸ್ಸಿನ ಕಾಯಿಲೆ ಎಂದು ನಿದ್ದೆ ಮಾತ್ರೆ ಬರೆದರು. ವಾಂತಿ ಜಾಸ್ತಿಯಾದಾಗ ಹೋಗಿ ಮಲಗಿದರೆ ಎರಡು ಬಾಟಲಿ ಡ್ರಿಪ್ ಹಾಕುತ್ತಿದ್ದರು. ಅದು ಉಪ್ಪು ನೀರು ತಾನೆ. ಹಾಕಿದ ಕೂಡಲೇ ಅವಳು ಎದ್ದು ಕೂತು, ನಾನು ಹುಷಾರಾದೆ ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಿದ್ದಳು. ಯಾವ ಡಾಕ್ಟರಿಗೂ ಅವಳು ಉಪ್ಪಿನ ವಿಷಯ ಹೇಳಲಿಲ್ಲ. ಹೊಟ್ಟೆನೋವು ಹೇಳಿದಳು, ತಲೆಸುತ್ತು ಹೇಳಿದಳು, ಉಪ್ಪನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಳು.

ಮನೆಯಲ್ಲಿ ನಡೆಯುತ್ತಿದ್ದದ್ದೇ ಬೇರೆ. ಪಿತೃಪಕ್ಷ ಕಳೆದ ಮೇಲೆ ಒಂದು ಸಂಜೆ ಗಾಡಿಯ ಬಳಿ ಸಿಕ್ಕು ಅದನ್ನು ನನಗೆ ಹೇಳಿದವಳು ಕುಸುಮಾ. ಕುಸುಮಾ ಅಂಜಮ್ಮ ಹೆತ್ತ ಮಗಳಲ್ಲ, ಅವಳ ಅಕ್ಕ ಮುನಿಗಂಗಮ್ಮನ ಮಗಳು. ಗಂಗಕ್ಕ ಸತ್ತಾಗ ಈ ಮಗುವಿಗೆ ಮೂರು ವರ್ಷ. ವರ್ಷ ತುಂಬುತ್ತಲೇ ಹಿರಿಯರು ಸೇರಿ ಭಾವ ಅರ್ಜುನಪ್ಪನಿಗೇ ಅಂಜಮ್ಮನನ್ನು ಕೊಟ್ಟು ಮದುವೆ ಮಾಡಿದರು. ಆಗ ಅವಳಿಗೆ ಇಪ್ಪತ್ತು. ಸತ್ತವಳು ಮುನಿಸಿಕೊಳ್ಳಬಾರದೆಂದು ಅವಳ ಹೆಸರಲ್ಲಿ ಒಂದು ಚಿನ್ನದ ಗುಂಡನ್ನೂ ಈಕೆಯ ತಾಳಿಗೆ ಪೋಣಿಸಿದರು. ಅರ್ಜುನಪ್ಪ ಕೆ.ಆರ್. ಮಾರ್ಕೆಟ್ಟಿನಲ್ಲಿ ತರಕಾರಿ ವ್ಯಾಪಾರಿ, ಬೆಳಗಿನ ಜಾವ ಹೋದರೆ ಮಧ್ಯಾಹ್ನ ಬರುವವನು, ಮಾತು ಕಡಿಮೆ. ಕುಸುಮಾ ಅಂಜಮ್ಮನನ್ನು ಚಿಕ್ಕಿ ಎಂದೇ ಕರೆಯುತ್ತಾ ಬೆಳೆದಳು, ಓದಿದಳು, ಈಗ ಒಂದು ನರ್ಸರಿ ಶಾಲೆಯಲ್ಲಿ ಟೀಚರು. ತನ್ನ ತಾಯಿ ಕಾಮಾಲೆಯಿಂದ ಸತ್ತಳು ಎಂಬುದಷ್ಟೇ ಅವಳಿಗೆ ಗೊತ್ತಿತ್ತು.

ಅಂಜಮ್ಮ ಇಳಿದು ಕಪ್ಪಾದಂತೆ ಅವಳಲ್ಲಿ ಗಂಗಕ್ಕನ ಮುಖ ಮೂಡತೊಡಗಿತಂತೆ. ಅದೇ ಕುಳಿಬಿದ್ದ ಕೆನ್ನೆ, ಅದೇ ಮಸಿ ಬಡಿದ ತುಟಿ. ಮೊದಲು ಹೇಳಿದ್ದು ಅತ್ತೆ ಮುನಿಲಕ್ಷ್ಮಮ್ಮ. ಅಜ್ಜಿಯ ಕಣ್ಣು ಮಂಜು. ಒಂದು ಮಧ್ಯಾಹ್ನ ಅಂಜಮ್ಮ ನೀರಿನ ಲೋಟ ಕೊಟ್ಟಾಗ ಮುದುಕಿ ಅವಳ ಮುಖವನ್ನೇ ನೋಡಿ, “ಯಾವಾಗ ಬಂದ್ಯೇ ಗಂಗಾ?” ಎಂದು ಕೇಳಿದಳು. ಅಂಜಮ್ಮನ ಕೈಯಿಂದ ಲೋಟ ಬಿತ್ತು. ಆಮೇಲೆ ಮಾವಳ್ಳಿಯಿಂದ ಬಂದ ನೆಂಟರೊಬ್ಬರು ಬಾಗಿಲಲ್ಲೇ ಬೆಚ್ಚಿ ನಿಂತರಂತೆ. ಪಿತೃಪಕ್ಷಕ್ಕೆ ಎಡೆ ಇಟ್ಟಾಗ ಎಲ್ಲರೂ ಎಲೆ ನೋಡುವ ಬದಲು ಅಂಜಮ್ಮನನ್ನು ನೋಡಿದರಂತೆ. ಮೊದಲನೆಯವಳು ಮೈಮೇಲೆ ಬಂದಿದ್ದಾಳೆ ಎಂಬುದು ಮನೆಯಲ್ಲಿ ಸದ್ದಿಲ್ಲದೆ ತೀರ್ಮಾನವಾಯಿತು. ತಾಯತ ಕಟ್ಟಿಸಿದರು. ಕನ್ನಡಿಗೆ ಬಟ್ಟೆ ಹೊದಿಸಿದರು. ಇದನ್ನೆಲ್ಲ ಕೇಳಿ ನನಗೆ ಮೈಯೆಲ್ಲ ಉರಿಯಿತು. ಇಪ್ಪತ್ತೈದು ವರ್ಷದ, ಓದಿದ ಹುಡುಗಿ ನೀನು, ನಂಬುತ್ತೀಯಾ ಎಂದು ಕುಸುಮಾಳನ್ನು ಗದರಿದೆ. ಅವಳು, ಅಮ್ಮನ ಮುಖ ಫೋಟೋದಲ್ಲಿ ಮಾತ್ರ ನೋಡಿದ್ದೆ, ಈಗ ಮನೆಯಲ್ಲೇ ಓಡಾಡುತ್ತಿದೆ, ನಾನೇನು ಮಾಡಲಿ ಎಂದಳು.

ಮರುವರ್ಷ ಮಾರ್ಚಿನಲ್ಲಿ ಅಂಜಮ್ಮನಿಗೆ ನೆಗಡಿ ಜ್ವರ ಬಂತು. ಯಾರಿಗಾದರೂ ಬರುವಂಥ ಜ್ವರ. ಪರೀಕ್ಷೆಯ ಕಾಲ, ಮಕ್ಕಳು ಬರುತ್ತಾರೆ ಎಂದು ಗಾಡಿ ತಳ್ಳಿಕೊಂಡು ಬಂದಳು. ಹನ್ನೊಂದು ಗಂಟೆಗೆ ನಾನು ಹೋದಾಗ ಕಾಂಪೌಂಡಿನ ಬುಡದಲ್ಲಿ ಕುಸಿದು ಕೂತಿದ್ದಳು. ಸೀರೆಯೆಲ್ಲ ವಾಂತಿ. ಕೈ ಹಿಡಿದರೆ ನಾಡಿ ಸಿಗುತ್ತಿಲ್ಲ. ಅಂಥ ಸ್ಥಿತಿಯಲ್ಲೂ ಅವಳ ಇನ್ನೊಂದು ಕೈ ಗಾಡಿಯ ಕಡೆ ಚಾಚಿತ್ತು, ಉಪ್ಪಿನ ಡಬ್ಬಕ್ಕೆ. ನಾನು ಆಟೋ ನಿಲ್ಲಿಸಿ, ಆ ಕ್ಲಿನಿಕ್ಕುಗಳನ್ನೆಲ್ಲ ಬಿಟ್ಟು, ನೇರ ಒಂದು ದೊಡ್ಡ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋದೆ. ದಾರಿಯಲ್ಲಿ ಕುಸುಮಾಗೆ ಫೋನ್ ಮಾಡಿದೆ.

ಅಲ್ಲಿದ್ದವರು ಶಿವರಂಜಿನಿ ಎಂಬ ಡಾಕ್ಟರು. ಮೂವತ್ತೂ ಆಗಿರಲಿಕ್ಕಿಲ್ಲ. ಇಷ್ಟು ಎಳೆಯ ಹುಡುಗಿಗೆ ಏನು ತಿಳಿದೀತು ಎಂದು ನಾನು ಮುಖ ಸಿಂಡರಿಸಿದ್ದು ನಿಜ. ಬಿಪಿ ಎಪ್ಪತ್ತಕ್ಕೆ ಇಳಿದಿತ್ತು. ರಕ್ತ ಕಳಿಸಿದರು, ಡ್ರಿಪ್ ಹಚ್ಚಿದರು. ರಿಪೋರ್ಟು ಬಂದಾಗ ಅಭ್ಯಾಸಬಲದಿಂದ ನಾನೂ ಕತ್ತು ಚಾಚಿ ನೋಡಿದೆ. ಸೋಡಿಯಂ ನೂರ ಹದಿನೆಂಟು, ಪೊಟ್ಯಾಸಿಯಂ ಆರರ ಮೇಲೆ. ರಕ್ತದಲ್ಲಿ ಇರಬೇಕಾದ ಉಪ್ಪು ಸೋರಿಹೋಗಿತ್ತು. ಶಿವರಂಜಿನಿ ಅಂಜಮ್ಮನ ಅಂಗೈ ಬಿಡಿಸಿ ಗೆರೆಗಳನ್ನು ನೋಡಿದರು. ತುಟಿ ಎತ್ತಿ ಒಸಡು ನೋಡಿದರು. ಆಮೇಲೆ ಬಗ್ಗಿ, ಉಪ್ಪು ತಿನ್ನಬೇಕು ಅಂತ ಅನಿಸುತ್ತದಾ ಎಂದು ಕೇಳಿದರು. ಒಂದೂವರೆ ವರ್ಷದಲ್ಲಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ.

ಅಂಜಮ್ಮ ಇಲ್ಲ ಎಂದು ತಲೆಯಾಡಿಸಿದಳು.

ನನಗೆ ತಡೆಯಲಾಗಲಿಲ್ಲ. ಡಬ್ಬಗಟ್ಟಲೆ ತಿನ್ನುತ್ತಾಳೆ, ನಾನೇ ಕಣ್ಣಾರೆ ನೋಡಿದ್ದೇನೆ ಎಂದೆ. ಡಾಕ್ಟರು ಮತ್ತೆ ಕೇಳಿದರು, ಇದು ಗೊತ್ತಾಗಬೇಕಮ್ಮ, ಪ್ರಾಣದ ಪ್ರಶ್ನೆ ಎಂದರು. ಅಂಜಮ್ಮ, ಅಷ್ಟರಲ್ಲಿ ಬಂದು ಮಂಚದ ಕಾಲ ಬಳಿ ನಿಂತಿದ್ದ ಕುಸುಮಾಳ ಕಡೆ ನೋಡಿದಳು. ಅವಳು ಹೊರಗೆ ಹೋಗಲಿ ಎಂದು ಕಾದ ಹಾಗಿತ್ತು. ಕುಸುಮಾ ಅಲುಗಲಿಲ್ಲ.

“ನಾನು ತಿನ್ನಲ್ಲ,” ಎಂದಳು ಅಂಜಮ್ಮ. “ಅಕ್ಕ ತಿಂತಾಳೆ. ಅವ್ಳಿಗೆ ಕೊಡ್ಬೇಕಾಗಿತ್ತು, ಆಗ ಕೊಡ್ಲಿಲ್ಲ. ಅದಕ್ಕೇ ಬಂದಿದಾಳೆ.”

ಆಮೇಲೆ ಅವಳು ಹೇಳಿದ್ದನ್ನು ನಾನು ಕೇಳಿದ ಹಾಗೇ ಬರೆಯುತ್ತಿದ್ದೇನೆ. ಗಂಗಕ್ಕನಿಗೆ ವಾಂತಿ ಸುಸ್ತು ಶುರುವಾಗಿ, ಮೈಬಣ್ಣ ಕೆಟ್ಟಾಗ, ಅತ್ತೆ ನೋಡಿ ಕಾಮಾಲೆ ಎಂದಳು. ನಾಟಿ ಔಷಧಿ ಕೊಡಿಸಿದರು. ಕಾಮಾಲೆಯ ಔಷಧಿಗೆ ನಮ್ಮ ಕಡೆ ಪಥ್ಯ ಬಿಗಿ. ಎಣ್ಣೆ ಇಲ್ಲ, ಖಾರ ಇಲ್ಲ, ನಲವತ್ತು ದಿನ ಒಂದು ಹರಳು ಉಪ್ಪೂ ಇಲ್ಲ. ಪಥ್ಯ ಮುರಿದರೆ ಔಷಧಿಯೇ ವಿಷವಾಗುತ್ತದೆ ಎಂದು ಹೆದರಿಸಿದ್ದರು. ರೋಗಿಯನ್ನೂ ಮಗುವನ್ನೂ ನೋಡಿಕೊಳ್ಳಲು ಹತ್ತೊಂಬತ್ತರ ಅಂಜಮ್ಮನನ್ನು ತವರಿನಿಂದ ಕರೆಸಿದರು. ಅಕ್ಕ ಕಾಲಿಗೆ ಬಿದ್ದರೂ ಉಪ್ಪು ಕೊಡಬೇಡ ಎಂದು ಅತ್ತೆ ಅವಳಿಂದ ಭಾಷೆ ತೆಗೆದುಕೊಂಡಳು. ಅಕ್ಕ ನಿಜವಾಗಿ ಕಾಲಿಗೆ ಬಿದ್ದಳು. ಬೇರೇನೂ ಬೇಡ, ಗಂಜಿಗೆ ಒಂದು ಹರಳು ಹಾಕು ಎಂದು ಬೇಡಿದಳು. ಅಂಜಮ್ಮ ಉಪ್ಪಿನ ಜಾಡಿಯನ್ನು ಅಟ್ಟದ ಮೇಲಿಟ್ಟಳು. ಅಕ್ಕ ಬದುಕಲಿ ಎಂದು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದಳು.

ಹದಿನೇಳನೆಯ ದಿನ ಅಂಜಮ್ಮ ಬಟ್ಟೆ ಒಣಹಾಕಿ ಒಳಗೆ ಬಂದರೆ, ಅಕ್ಕ ನೆಲದ ಮೇಲೆ ತೆವಳಿಕೊಂಡು ಅಡುಗೆಮನೆಗೆ ಬಂದು, ಉಪ್ಪಿನಕಾಯಿ ಭರಣಿಯ ಬಾಯಿಗೆ ಕಟ್ಟಿದ್ದ ಬಟ್ಟೆಯನ್ನು ಚೀಪುತ್ತಿದ್ದಳು. ಅಂಜಮ್ಮ ಅದನ್ನು ಕಿತ್ತುಕೊಳ್ಳಲು ಹೋದಳು. ಅಕ್ಕ ಬಿಡಲಿಲ್ಲ. ಆಗ ಅಕ್ಕನ ಕೈಮೇಲೆ ಹೊಡೆದಳು.

“ಜೋರಾಗೇ ಹೊಡ್ದೆ,” ಎಂದಳು ಅಂಜಮ್ಮ. “ಮಗೂಗೆ ಹೊಡ್ಯೋ ಹಾಗೆ. ಅವ್ಳು ಅಳ್ಲಿಲ್ಲ. ಎರಡು ದಿನಕ್ಕೆ ಹೋಗ್ಬಿಟ್ಳು.”

ಕುಸುಮಾ ವಾರ್ಡಿನಿಂದ ಹೊರಗೆ ಹೋದಳು. ಅವಳ ಹಿಂದೆ ಹೋಗಬೇಕೋ ಇವಳ ಹತ್ತಿರ ಇರಬೇಕೋ ತಿಳಿಯದೆ ನಾನು ನಿಂತಲ್ಲೇ ನಿಂತೆ. ಆದರೆ ಆ ಡಾಕ್ಟರು ನಿಲ್ಲಲಿಲ್ಲ. ಇನ್ನೂ ಒಂದು ಸಲ ರಕ್ತ ತೆಗೆಸಿ, ರಿಪೋರ್ಟಿಗೂ ಕಾಯದೆ ಒಂದು ಇಂಜೆಕ್ಷನ್ ಕೊಟ್ಟರು. ಮಾರನೆಯ ಬೆಳಿಗ್ಗೆ ಅಂಜಮ್ಮ ಎದ್ದು ಕೂತು ಎರಡು ಇಡ್ಲಿ ತಿಂದಳು. ರಿಪೋರ್ಟು ಬಂದಾಗ ಕಾಯಿಲೆಗೆ ಹೆಸರು ಸಿಕ್ಕಿತು, ಅಡಿಸನ್. ಮೂತ್ರಪಿಂಡದ ಮೇಲೆ ಟೋಪಿಯ ಹಾಗೆ ಎರಡು ಪುಟ್ಟ ಗ್ರಂಥಿಗಳಿರುತ್ತವೆ. ಮೈಯಲ್ಲಿ ಉಪ್ಪು ನಿಲ್ಲಿಸುವ, ಜ್ವರ ಗಾಯ ಬಂದಾಗ ಜೀವ ಹಿಡಿದಿಡುವ ರಸ ಅವುಗಳದು. ಅಂಜಮ್ಮನಿಗೆ ಅವು ಬತ್ತಿಹೋಗಿದ್ದವು. ದಿನಾ ಮಾತ್ರೆ ತೆಗೆದುಕೊಂಡರೆ ಎಲ್ಲರ ಹಾಗೆ ಬದುಕಬಹುದು, ಜ್ವರ ಬಂದರೆ ಎರಡರಷ್ಟು ತೆಗೆದುಕೊಳ್ಳಬೇಕು, ಯಾವ ಕಾರಣಕ್ಕೂ ನಿಲ್ಲಿಸಬಾರದು, ನಿಲ್ಲಿಸಿದರೆ ಸಾವು ಎಂದು ಶಿವರಂಜಿನಿ ಮೂರು ಸಲ ಹೇಳಿದರು. ಇಷ್ಟು ದಿನ ಇವರನ್ನು ಉಳಿಸಿದ್ದು ಆ ಉಪ್ಪೇ ಎಂದೂ ಹೇಳಿದರು.

ಅಂಜಮ್ಮ ಒಂದೇ ಪ್ರಶ್ನೆ ಕೇಳಿದಳು. ಅಕ್ಕನಿಗೂ ಇದೇ ಇತ್ತಾ? ಡಾಕ್ಟರು ರಿಪೋರ್ಟನ್ನು ಪಕ್ಕಕ್ಕಿಟ್ಟರು. ಇರಬಹುದು, ಕೆಲವು ಮನೆತನಗಳಲ್ಲಿ ಬರುತ್ತದೆ, ಆದರೆ ಇಪ್ಪತ್ತೆರಡು ವರ್ಷದ ಹಿಂದಿನದನ್ನು ಈಗ ಯಾರೂ ಹೇಳಲಾರರು ಎಂದರು. ಇತ್ತು ಎಂದಿದ್ದರೆ ಎದೆ ಬಡಿದುಕೊಳ್ಳಬಹುದಿತ್ತು. ಇಲ್ಲ ಎಂದಿದ್ದರೆ ಉಸಿರು ಬಿಡಬಹುದಿತ್ತು. ಎರಡೂ ಅಲ್ಲದ ಆ ಉತ್ತರವನ್ನು ಹಿಡಿದುಕೊಂಡು ಅವಳು ಮನೆಗೆ ಬಂದಳು. ಕುಸುಮಾಳ ರಕ್ತವನ್ನೂ ಪರೀಕ್ಷೆ ಮಾಡಿಸಿದೆವು. ಏನೂ ಇರಲಿಲ್ಲ. ಅವಳು ಚಿಕ್ಕಿಗೆ ಊಟ ಬಡಿಸುತ್ತಿದ್ದಳು, ಮಾತ್ರೆ ತಂದುಕೊಡುತ್ತಿದ್ದಳು, ಮಾತು ಮಾತ್ರ ಬಿಟ್ಟಿದ್ದಳು. ಅತ್ತೆ ಮುನಿಲಕ್ಷ್ಮಮ್ಮನಿಗೆ ಯಾರೂ ಏನೂ ಹೇಳಲಿಲ್ಲ. ಎಂಬತ್ತೈದರ ಮುದುಕಿಗೆ ಹೇಳಿ ಏನು ಮಾಡುವುದು?

ಮೂರು ತಿಂಗಳಲ್ಲಿ ಅಂಜಮ್ಮನ ಮೈ ತುಂಬಿತು. ಬಣ್ಣ ತಿಳಿಯಾಯಿತು. ಉಪ್ಪಿನ ಆಸೆ ತಾನಾಗಿ ಹೋಯಿತು. ಅಜ್ಜಿ ಅವಳನ್ನು ಮತ್ತೆ ಅಂಜಿ ಎಂದು ಕರೆಯತೊಡಗಿದಳು. ಕನ್ನಡಿಯ ಬಟ್ಟೆ ತೆಗೆದರು. ಗಾಡಿಯೂ ಶಾಲೆಯ ಮುಂದೆ ಬಂತು. ನಾನು ದೊಡ್ಡ ಯುದ್ಧ ಗೆದ್ದವಳ ಹಾಗೆ ಬೀದಿಯಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಜುಲೈ ಕೊನೆಗೆ ಗಾಡಿ ಮತ್ತೆ ಎರಡು ದಿನ ಕಾಣಲಿಲ್ಲ. ಮೂರನೆಯ ದಿನ ಸಂಜೆ ನಾನು ಚಾಮರಾಜಪೇಟೆಗೆ ಹೋದೆ.

ಅಂಜಮ್ಮ ಗೋಡೆಗೆ ಒರಗಿ ಕೂತಿದ್ದಳು. ತುಟಿಯ ಅಂಚಿಗೆ ಆ ಮಸಿ ಮತ್ತೆ ಹತ್ತಿತ್ತು. ಬೆಳಗಿನಿಂದ ಮೂರು ಸಲ ವಾಂತಿಯಾಗಿದೆ ಎಂದು ಕುಸುಮಾ ಹೇಳಿದಳು. ಮಾತ್ರೆ ಎಲ್ಲಿ ಎಂದೆ. ಪೆಟ್ಟಿಗೆ ತಂದಳು. ಹಾಳೆಗಳನ್ನು ನೋಡಿದೆ. ಇರಬೇಕಾದದ್ದಕ್ಕಿಂತ ಹದಿನಾರು ಮಾತ್ರೆ ಹೆಚ್ಚು ಇದ್ದವು. ಬಾಯಿಗೆ ಬಂದ ಹಾಗೆ ಬೈದೆ. ಮರೆತೆಯಾ, ಬುದ್ಧಿ ಇಲ್ಲವಾ, ಆಸ್ಪತ್ರೆಯಲ್ಲಿ ಅಷ್ಟು ಹೇಳಿದ್ದು ಗಾಳಿಗಾ ಎಂದು. ಅವಳು ಮರೆತಿರಲಿಲ್ಲ.

“ಮಾತ್ರೆ ತಗೊಂಡ್ರೆ ಅಕ್ಕ ಬರಲ್ಲ,” ಎಂದಳು. “ಒಂದೂವರೆ ವರ್ಷ ಅವ್ಳು ಕೇಳಿದ್ಳು, ನಾನು ಕೊಟ್ಟೆ. ಅಷ್ಟಾದ್ರೂ ಕೊಟ್ನಲ್ಲ ಅನ್ಕೊಂಡಿದ್ದೆ. ಈಗ ನೋಡಿದ್ರೆ ಅವ್ಳು ಬಂದೇ ಇರ್ಲಿಲ್ವಂತೆ. ಎಲ್ಲಾ ನಾನೇ ತಿಂದಿದ್ದಂತೆ.”

ಲ್ಯಾಬಿನಲ್ಲಿ ಅಂಥದ್ದಕ್ಕೆ ಪರೀಕ್ಷೆ ಇಲ್ಲ. ನಾವೆಲ್ಲ ಸೇರಿ ಅವಳ ಕಾಯಿಲೆ ಕಂಡುಹಿಡಿದೆವು, ಸರಿ. ಅದರ ಜೊತೆಗೆ ಅವಳಿಗೆ ಸಿಕ್ಕಿದ್ದ ಕ್ಷಮೆಯನ್ನೂ ಕಿತ್ತುಕೊಂಡಿದ್ದೆವು. ಇದು ನನಗೆ ಆ ಗಳಿಗೆಯವರೆಗೆ ಗೊತ್ತೇ ಆಗಿರಲಿಲ್ಲ. ಭೂತ ಬಿಡಿಸಿದೆ ಎಂದು ಊರೆಲ್ಲ ಸಾರಿಕೊಂಡು ಬಂದಿದ್ದೆ, ದಡ್ಡಿ.

ಕುಸುಮಾ ಬಂದು ಚಿಕ್ಕಿಯ ಎದುರಿಗೆ ನೆಲದ ಮೇಲೆ ಕೂತಳು. ನಾಲ್ಕು ತಿಂಗಳ ಮೇಲೆ ಅವಳು ಚಿಕ್ಕಿಯ ಜೊತೆ ಆಡಿದ ಮೊದಲ ಮಾತು ಅದು.

“ನಮ್ಮಮ್ಮನ್ನ ನೀನು ಸಾಯಿಸಿದ್ಯೋ ಇಲ್ವೋ ನಂಗೊತ್ತಿಲ್ಲ. ಡಾಕ್ಟ್ರಿಗೂ ಗೊತ್ತಿಲ್ಲ. ನಿನ್ನನ್ನ ನೀನೇ ಸಾಯಿಸ್ಕೊಂಡ್ರೆ, ಅದು ಮಾತ್ರ ನಂಗೆ ಗೊತ್ತಿರತ್ತೆ ಚಿಕ್ಕಿ. ಜೀವಮಾನ ಪೂರ್ತಿ ಗೊತ್ತಿರತ್ತೆ. ಅದನ್ನ ನಂಗೆ ಕೊಟ್ಟು ಹೋಗ್ಬೇಡ.”

ಕುಸುಮಾ ಅತ್ತಿರಲಿಲ್ಲ. ದನಿಯನ್ನೂ ಏರಿಸಿರಲಿಲ್ಲ. ಅಂಜಮ್ಮ ಅವಳ ಮುಖವನ್ನು ನೋಡುತ್ತಾ ಕೂತಳು. ಆ ಮುಖದಲ್ಲಿ ಗಂಗಕ್ಕನ ಮೂಗು, ಗಂಗಕ್ಕನ ಹಣೆ ಇದ್ದದ್ದನ್ನು ನಾನು ಫೋಟೋದಲ್ಲಿ ನೋಡಿ ಬಲ್ಲೆ. ಆಮೇಲೆ ಅಂಜಮ್ಮ ತಾನೇ ಕೈ ಚಾಚಿ ಹಾಳೆಯಿಂದ ಎರಡು ಮಾತ್ರೆ ಬಿಡಿಸಿಕೊಂಡಳು. ಒಂದು ಕೆಳಗೆ ಬಿತ್ತು, ಕುಸುಮಾ ಎತ್ತಿ ಕೊಟ್ಟಳು. ಅಂಜಮ್ಮ ನುಂಗಿ, ನೀರು ಕುಡಿದಳು. ಅದು ಹೊಟ್ಟೆಯಲ್ಲಿ ನಿಲ್ಲುವುದೋ ಇಲ್ಲವೋ ಎಂದು ನಾನು ಆಟೋಗೆ ಹೇಳಿಕಳಿಸಿದೆ. ಇಂಜೆಕ್ಷನ್ ಬೇಕಾಗಬಹುದಿತ್ತು.

ಆಟೋ ಬರುವವರೆಗೆ ಅಂಜಮ್ಮ ಬಾಗಿಲ ಕಡೆಗೇ ನೋಡುತ್ತಿದ್ದಳು. ಕುಸುಮಾಳೂ ತಿರುಗಿ ನೋಡಿದಳು. ಹೇಳಲು ನಾಚಿಕೆ, ನಾನೂ ನೋಡಿದೆ. ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಒಳಗೆ ಯಾರೂ ಬರಲಿಲ್ಲ.

“ಬರಲ್ಲ ಇನ್ನು,” ಎಂದಳು ಅಂಜಮ್ಮ. ಹಾಗೆಂದವಳು ಕುಸುಮಾಳ ಹೆಗಲಿಗೆ ಹಣೆ ಆನಿಸಿ, ಅಕ್ಕಪಕ್ಕದ ಮನೆಯವರು ಓಡಿಬರುವಷ್ಟು ಜೋರಾಗಿ ಅತ್ತಳು. ಇಪ್ಪತ್ತೆರಡು ವರ್ಷದ ಹಿಂದೆ ಸತ್ತ ಅಕ್ಕನಿಗಾಗಿ ಅವಳು ಅತ್ತದ್ದು ಅವತ್ತೇ ಮೊದಲು.